ಸೌರಮಂಡಲದ ಪಾಠ: ಮೌಸ್ ನಮ್ಮ ಕೈಗೂ ಕೊಡಿ



ನಮ್ಮ ಗೋಡೆ ಪತ್ರಿಕೆಯ ಹೋದ ಸಂಚಿಕೆಯಲ್ಲಿ "ಕಂಪ್ಯೂಟರ್ ಬಂದ ಮೇಲೆ ಪುಸ್ತಕ ಯಾಕೆ?" ಅಂತ ಒಬ್ಬರು ಬರೆದಿದ್ದರು. ಅದರ ಕೆಳಗೆ ಯಾರೋ ಪೆನ್ಸಿಲಿನಲ್ಲಿ "ಕಂಪ್ಯೂಟರ್ ಅಂದ್ರೆ ಬರೀ ಆಟ" ಅಂತ ಗೀಚಿ ಹೋಗಿದ್ದರು. ಎರಡನ್ನೂ ಓದಿದೆ. ಎರಡೂ ನನಗೆ ಒಪ್ಪಿಗೆ ಆಗಲಿಲ್ಲ. ಅದಕ್ಕೇ ಈ ಲೇಖನ.

ನಾನು ಬರೆಯುತ್ತಿರುವುದು ಸೌರಮಂಡಲದ ಪಾಠದ ಬಗ್ಗೆ ಮಾತ್ರ. ಅದನ್ನು ಕಲಿಸಲು ಈಗ ಸಿಮ್ಯುಲೇಟರ್ ಅನ್ನುವ ತಂತ್ರಾಂಶಗಳು ಬಂದಿವೆ. ಸಿಮ್ಯುಲೇಟರ್ ಅಂದರೆ ನಿಜವಾದ ವಸ್ತು ಹೇಗೆ ನಡೆದುಕೊಳ್ಳುತ್ತದೋ ಹಾಗೇ ಪರದೆಯ ಮೇಲೆ ನಡೆದುಕೊಳ್ಳುವ ಮಾದರಿ. ಇದು ವಿಡಿಯೋ ಅಲ್ಲ. ವಿಡಿಯೋ ತನ್ನ ಪಾಡಿಗೆ ಓಡುತ್ತೆ. ಸಿಮ್ಯುಲೇಟರ್‌ನಲ್ಲಿ ನಾವು ಒಂದು ಬದಲಾವಣೆ ಮಾಡಿದರೆ ಅದು ಉತ್ತರ ಕೊಡುತ್ತೆ. ಈ ಒಂದು ವ್ಯತ್ಯಾಸ ಮರೆತರೆ ಅಷ್ಟು ದುಡ್ಡಿನ ಯಂತ್ರ ಟೆಂಟ್ ಸಿನಿಮಾ ಆಗಿಬಿಡುತ್ತದೆ.

ಮೊದಲು ಪುಸ್ತಕದ ಚಿತ್ರ ತೆಗೆದುಕೊಳ್ಳೋಣ. ಸೂರ್ಯ ಒಂದು ಕಡೆ, ಆಮೇಲೆ ಬುಧ, ಶುಕ್ರ, ಭೂಮಿ, ಮಂಗಳ ಅಂತ ಎಲ್ಲಾ ಗ್ರಹಗಳೂ ಪ್ರಾರ್ಥನೆಗೆ ನಿಂತ ಹಾಗೆ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಅದು ಚಿತ್ರ ಬರೆದವರ ತಪ್ಪೇನಲ್ಲ. 20 ಸೆಂಟಿಮೀಟರ್ ಹಾಳೆಯಲ್ಲಿ ನೆಪ್ಚೂನ್‌ವರೆಗೆ ಸರಿಯಾದ ಅಳತೆಯಲ್ಲಿ ಬರೆದರೆ ಭೂಮಿ ಸೂರ್ಯನಿಂದ 7 ಮಿಲಿಮೀಟರ್ ಕೂಡ ದೂರ ಇರುವುದಿಲ್ಲ. ಸೂರ್ಯನೇ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕೆ ಆಗುತ್ತಾನೆ. ಭೂಮಿಯನ್ನು ಬರೆಯೋಕೆ ಪೆನ್ನೇ ಸಿಗಲ್ಲ. ಆದರೆ ಆ ಚಿತ್ರವನ್ನೇ ನೋಡಿ ನೋಡಿ ಸೌರಮಂಡಲ ಅಂದರೆ ಹಾಗೇ ಇರುತ್ತೆ ಅಂತ ನಮ್ಮ ತಲೆಯಲ್ಲಿ ಕೂತುಬಿಡುತ್ತದೆ.

ಹಾಗಂತ ಸಿಮ್ಯುಲೇಟರ್ ಪೂರ್ತಿ ಸತ್ಯ ಹೇಳುತ್ತದೆ ಅಂತಲೂ ಅಲ್ಲ. ಅದರಲ್ಲೂ ಗ್ರಹಗಳನ್ನು ಕಾಣುವ ಹಾಗೆ ಉಬ್ಬಿಸಿ ತೋರಿಸಿರುತ್ತಾರೆ, ವರ್ಷವನ್ನು ನಿಮಿಷದಲ್ಲಿ ಓಡಿಸುತ್ತಾರೆ. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಅನ್ನುವ ಸಿಮ್ಯುಲೇಷನ್‌ಗಳಲ್ಲಿ ಗುರುತ್ವ ಮತ್ತು ಕಕ್ಷೆಗಳ ಬಗ್ಗೆ ಒಂದಿದೆ. (2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ ಅವರು 2002ರಲ್ಲಿ ಫೆಟ್ ಶುರು ಮಾಡಿದ್ದು.) ಅದರಲ್ಲಿ ಉಬ್ಬಿಸಿದ ಮಾದರಿ ಬೇರೆ, ನಿಜವಾದ ಅಳತೆಯ ಮಾದರಿ ಬೇರೆ ಇಟ್ಟಿದ್ದಾರೆ. ಎರಡನ್ನೂ ಒಂದಾದ ಮೇಲೊಂದು ತೋರಿಸಿದಾಗಲೇ ನಮ್ಮ ತರಗತಿಯಲ್ಲಿ "ಅಬ್ಬಾ!" ಅಂತ ದನಿ ಬಂದದ್ದು.

ಅದೇ ದಿನ ನಮ್ಮ ವಿಜ್ಞಾನದ ಮೇಷ್ಟ್ರು ಒಂದು ಕೆಲಸ ಮಾಡಿದರು. ಗುಂಡಿ ಒತ್ತುವ ಮೊದಲು ಕೇಳಿದರು: "ಸೂರ್ಯನ ಗುರುತ್ವ ಈಗ ತೆಗೆದುಬಿಟ್ಟರೆ ಭೂಮಿ ಏನಾಗುತ್ತೆ? ಕೈ ಎತ್ತಿ ಹೇಳ್ರಿ." ಕೆಲವರು ಸುತ್ತುತ್ತಲೇ ಇರುತ್ತೆ ಅಂದರು. ಬಹಳ ಜನ ಸೂರ್ಯನಿಂದ ದೂರಕ್ಕೆ ಹಿಂದಕ್ಕೆ ಚಿಮ್ಮುತ್ತೆ ಅಂದರು. ಲೆಕ್ಕ ಬೋರ್ಡಿನ ಮೇಲೆ ಬರೆದಾಯಿತು. ಆಮೇಲೆ ಹಿಂದಿನ ಬೆಂಚಿನ ಒಬ್ಬನನ್ನು ಕರೆದು ಅವನ ಕೈಲೇ ಗುರುತ್ವವನ್ನು ಆಫ್ ಮಾಡಿಸಿದರು. ಭೂಮಿ ಹಿಂದಕ್ಕೂ ಚಿಮ್ಮಲಿಲ್ಲ, ಸುತ್ತಲೂ ಇಲ್ಲ. ಆ ಕ್ಷಣ ಯಾವ ದಿಕ್ಕಿಗೆ ಹೊರಟಿತ್ತೋ ಅದೇ ದಿಕ್ಕಿಗೆ ನೆಟ್ಟಗೆ ಹೋಯಿತು. ಆ ಹುಡುಗ ತಕ್ಷಣ, "ಸಾರ್, ಕವಣೆ ಕಲ್ಲು ಹಂಗೇ ಹೋಗೋದು!" ಅಂದ. ಹೊಲದಲ್ಲಿ ಹಕ್ಕಿ ಕಾಯುವವನಿಗೆ ಅದು ಗೊತ್ತಿರುತ್ತೆ. ಗಿರಗಿರ ಬೀಸಿ ಹಗ್ಗದ ತುದಿ ಬಿಟ್ಟರೆ ಕಲ್ಲು ಸುತ್ತೋದಿಲ್ಲ, ನೆಟ್ಟಗೆ ಹೋಗುತ್ತೆ. ಪಾಠದ ವೇಳೆ ಬಾಯಿ ಬಿಡದ ಹುಡುಗ ಅವನು. ಅವತ್ತು ಅವನೇ ನಮಗೆಲ್ಲ ಗುರುತ್ವ ಅಂದರೆ ಆ ಹಗ್ಗ ಅಂತ ಅರ್ಥ ಮಾಡಿಸಿದ.

ಇದರಲ್ಲಿ ಕಂಪ್ಯೂಟರ್ ಮಾಡಿದ್ದೆಷ್ಟು? ಅರ್ಧ. ಉಳಿದರ್ಧ ಆಗಿದ್ದು ಮೊದಲು ಕೈ ಎತ್ತಿಸಿದ್ದರಿಂದ ಮತ್ತು ಮೌಸ್ ಹುಡುಗನ ಕೈಯಲ್ಲಿ ಇದ್ದುದರಿಂದ. ನನ್ನ ಚಿಕ್ಕಪ್ಪನ ಮಗಳು ಬೇರೆ ತಾಲ್ಲೂಕಿನ ಒಂದು ಶಾಲೆಯಲ್ಲಿ ಓದುತ್ತಾಳೆ. ಅಲ್ಲಿ ನಮಗಿಂತ ದೊಡ್ಡ ಪರದೆ ಐತೆ. ಸೌರಮಂಡಲದ ಒಂದು ಸಿಮ್ಯುಲೇಷನ್ ಅಲ್ಲೂ ತೋರಿಸಿದರಂತೆ. ದೀಪ ಆರಿಸಿ, ಬಾಗಿಲು ಹಾಕಿ, ಹದಿನೈದು ನಿಮಿಷ ಗ್ರಹಗಳು ಸುತ್ತಿದವಂತೆ. "ಏನು ಗೊತ್ತಾಯ್ತೇ?" ಅಂದರೆ "ಶನಿಯ ಬಳೆ ಚೆಂದ ಐತೆ ಕಣೇ" ಅಂದಳು. ಶನಿಯ ಬಳೆ ಚೆಂದವೇ, ಇಲ್ಲ ಅನ್ನಲ್ಲ. ಆದರೆ ಅವಳು ಒಂದು ಪ್ರಶ್ನೆಯನ್ನೂ ತಂದಿರಲಿಲ್ಲ, ಅವಳನ್ನು ಯಾರೂ ಕೇಳಲೂ ಇಲ್ಲ.

ಬೆಂಗಳೂರಿನ ಜವಾಹರಲಾಲ್ ನೆಹರು ತಾರಾಲಯ 1989ರಿಂದ ಇದೆ. ಮಂಗಳೂರಿನ ಪಿಲಿಕುಳದಲ್ಲಿ 2018ರಲ್ಲಿ ಒಂದು ತಾರಾಲಯ ಶುರುವಾಯಿತು. ಪ್ರವಾಸಕ್ಕೆ ಹೋದವರು ಪುಣ್ಯವಂತರು. ಆದರೆ ನಮ್ಮಂಥ ಊರಿನ ಮಕ್ಕಳಿಗೆ ಅದು ಓದುವ ಕಾಲದಲ್ಲಿ ಒಂದು ಸಲ ಸಿಕ್ಕರೆ ಹೆಚ್ಚು. ಅಲ್ಲೂ ಕತ್ತು ಎತ್ತಿ ಕೂತು ನೋಡಬೇಕೇ ಹೊರತು ಗುರುಗ್ರಹವನ್ನು ನಿಲ್ಲಿಸಿ ಕೇಳೋಕಾಗಲ್ಲ.

ಈಗ ನನ್ನ ಮುಖ್ಯ ಮಾತಿಗೆ ಬರುತ್ತೇನೆ. ಸಿಮ್ಯುಲೇಟರ್‌ಗೆ ಕೇಳುವ ಪ್ರಶ್ನೆ ನಮ್ಮ ಊರಿನ ಆಕಾಶದಿಂದ ಬರಬೇಕು. ಆಗಲೇ ಅದು ನಮ್ಮ ಪಾಠ ಆಗೋದು.

ಒಂದು ಉದಾಹರಣೆ. ನಮ್ಮ ಮನೆಗಳಲ್ಲಿ ಜೂನ್ ಬಂದರೆ ದೊಡ್ಡವರು ರೋಹಿಣಿ, ಮೃಗಶಿರ, ಆರಿದ್ರಾ ಅಂತ ಮಳೆಯ ಹೆಸರು ಹೇಳುತ್ತಾರೆ. ಮೆಕ್ಕೆಜೋಳ ಬಿತ್ತೋದು ಆ ಲೆಕ್ಕದ ಮೇಲೆಯೇ. ನಾನು ನಮ್ಮಜ್ಜನನ್ನು, "ಅಜ್ಜ, ಆರಿದ್ರಾ ಅಂದ್ರೆ ಯಾವ ಚುಕ್ಕಿ?" ಅಂತ ಕೇಳಿದೆ. "ಮಳೆ ಗೊತ್ತವ್ವ, ಚುಕ್ಕಿ ಯಾರು ನೋಡಿದಾರೆ?" ಅಂದ್ರು. ಸರಿಯಾದ ಮಾತೇ. ಯಾಕಂದರೆ ಆರಿದ್ರಾ ಮಳೆಯ ಕಾಲದಲ್ಲಿ ಆರಿದ್ರಾ ನಕ್ಷತ್ರ ಯಾರಿಗೂ ಕಾಣಲ್ಲ!

ಅದು ಯಾಕೆ ಅನ್ನೋದನ್ನು ನೋಡಿದ್ದು ಸ್ಟೆಲೇರಿಯಂ ಅನ್ನುವ ತಂತ್ರಾಂಶದಲ್ಲಿ. ಇದನ್ನು ಫ್ರಾನ್ಸಿನ ಫಾಬಿಯೆನ್ ಶೆರೋ ಎಂಬುವರು ಶುರು ಮಾಡಿದರು. ದುಡ್ಡು ಕೊಡಬೇಕಿಲ್ಲ. ಅದರಲ್ಲಿ ನಮ್ಮೂರಿನ ಜಾಗ ಕೊಟ್ಟು, ಜೂನ್ 22, ಮಧ್ಯಾಹ್ನ ಅಂತ ಹಾಕಿದೆವು. ನೀಲಿ ಆಕಾಶ, ಸೂರ್ಯ, ಅಷ್ಟೇ. ಆಮೇಲೆ ಇಂಗ್ಲಿಷಿನ ಎ ಅಕ್ಷರ ಒತ್ತಿದರೆ ಗಾಳಿಯ ಹೊದಿಕೆ ಮಾಯ ಆಗುತ್ತದೆ. ಹಗಲಲ್ಲೇ ನಕ್ಷತ್ರಗಳು! ಸೂರ್ಯನಿಂದ ದಕ್ಷಿಣಕ್ಕೆ, ತೋಳು ಚಾಚಿ ಹಿಡಿದ ಗೇಣಿಗಿಂತ ಸ್ವಲ್ಪ ಕಡಿಮೆ ದೂರದಲ್ಲಿ, ಕೆಂಪಗೆ ಒಂದು ನಕ್ಷತ್ರ. ಅದೇ ಆರಿದ್ರಾ. ಸೂರ್ಯ ಅದರ ಜೊತೆಯಲ್ಲೇ ಹುಟ್ಟಿ ಜೊತೆಯಲ್ಲೇ ಮುಳುಗುವುದರಿಂದ ಬೆಳಕಿನಲ್ಲಿ ಅದು ಮುಚ್ಚಿಹೋಗಿದೆ.

ದಿನ ಮುಂದಕ್ಕೆ ತಳ್ಳುತ್ತಾ ಹೋದೆವು. ಸೂರ್ಯ ನಕ್ಷತ್ರಗಳ ಮುಂದೆ ದಿನಕ್ಕೆ ಚೂರು ಚೂರೇ ಪೂರ್ವಕ್ಕೆ ಸರಿಯುತ್ತಾನೆ. ಹದಿಮೂರು ಹದಿನಾಲ್ಕು ದಿನಕ್ಕೆ ಒಂದು ನಕ್ಷತ್ರದ ಪಾಲು ಮುಗಿಯುತ್ತೆ. ಆರಿದ್ರಾ ಆದಮೇಲೆ ಪುನರ್ವಸು, ಆಮೇಲೆ ಪುಷ್ಯ. ಇಪ್ಪತ್ತೇಳು ನಕ್ಷತ್ರ, ಒಂದೊಂದಕ್ಕೆ ಹದಿಮೂರೂವರೆ ದಿನ. ಗುಣಿಸಿ ನೋಡಿ, ವರ್ಷ ಬಂತು. ಭೂಮಿ ಸೂರ್ಯನ ಸುತ್ತ ಸುತ್ತುತ್ತಿರುವುದರಿಂದಲೇ ಸೂರ್ಯನ ಹಿಂದಿನ ನಕ್ಷತ್ರ ಹೀಗೆ ಬದಲಾಗುತ್ತಾ ಹೋಗುವುದು. ಪುಸ್ತಕದಲ್ಲಿ "ಭೂಮಿಯ ಪರಿಭ್ರಮಣೆ" ಅಂತ ನಾವು ಬಾಯಿಪಾಠ ಮಾಡಿದ್ದು ನಮ್ಮಜ್ಜನ ಬಿತ್ತನೆ ಲೆಕ್ಕದಲ್ಲಿ ಆಗಲೇ ಇತ್ತು.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ನಕ್ಷತ್ರ ಮಳೆ ಸುರಿಸುವುದಿಲ್ಲ. ಮಳೆ ತರೋದು ಮುಂಗಾರು ಗಾಳಿ. ನಕ್ಷತ್ರ ಕ್ಯಾಲೆಂಡರಿನ ಹಾಳೆ ಇದ್ದ ಹಾಗೆ, ಯಾವ ಕಾಲ ಅಂತ ಹೇಳುತ್ತೆ. ಇದನ್ನು ಅಜ್ಜನಿಗೆ ಹೇಳಿದರೆ "ಅಷ್ಟು ನಮಗೂ ಗೊತ್ತೈತೆ ಬಿಡು" ಅಂದ್ರು.

ಆರಿದ್ರಾವನ್ನು ಕಣ್ಣಾರೆ ನೋಡಬೇಕು ಅಂದರೆ ಡಿಸೆಂಬರ್‌ವರೆಗೆ ಕಾಯಬೇಕು. ರಾತ್ರಿ ಊಟ ಆದಮೇಲೆ ಪೂರ್ವಕ್ಕೆ ನೋಡಿ. ಮೂರು ನಕ್ಷತ್ರ ಒಂದರ ಮೇಲೊಂದು ಸಾಲಾಗಿ ಏಳುತ್ತಿರುತ್ತವೆ. ಅದರ ಎಡಗಡೆ ಕೆಂಪಗೆ ಮಿನುಗುವುದೇ ಆರಿದ್ರಾ. ಸೇವಾಲಾಲ್ ಜಯಂತಿಯ ಜಾತ್ರೆಯ ಲೈಟುಗಳು ಬಿಟ್ಟರೆ ನಮ್ಮೂರ ಹೊಲಗಳ ಕಡೆ ಆಕಾಶ ಇನ್ನೂ ಕತ್ತಲಾಗಿದೆ. ದೊಡ್ಡ ಊರಿನ ಮಕ್ಕಳಿಗೆ ಒಳ್ಳೆ ಕಂಪ್ಯೂಟರ್ ಇರಬಹುದು, ಈ ಕತ್ತಲು ಅವರಿಗೆಲ್ಲಿ ಬರಬೇಕು?

ತಪ್ಪಿಹೋದ ಆಕಾಶವನ್ನೂ ಇದರಲ್ಲಿ ವಾಪಸ್ ತರಬಹುದು. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಎಷ್ಟೋ ಮನೆಗಳ ಬಾಗಿಲು ಹಾಕಿತ್ತು. ಆ ದಿನಾಂಕ ಹಾಕಿ ಒಮ್ಮೆ ನಮ್ಮೂರಿಂದ, ಒಮ್ಮೆ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಿಂದ ನೋಡಿ. ಅಲ್ಲಿ ಸೂರ್ಯ ಬಳೆಯ ಹಾಗೆ ಕಾಣುತ್ತಾನೆ, ಇಲ್ಲಿ ಕುಡುಗೋಲಿನ ಹಾಗೆ. ಒಂದೇ ಸೂರ್ಯ, ಒಂದೇ ಚಂದ್ರ, ನಿಂತ ಜಾಗ ಮಾತ್ರ ಬೇರೆ.

ಇನ್ನು ಆಕ್ಷೇಪಣೆಗಳು. ನೆಟ್ ಬರಲ್ಲ ಅನ್ನುತ್ತಾರೆ. ಸ್ಟೆಲೇರಿಯಂ ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಫೆಟ್ ಸಿಮ್ಯುಲೇಷನ್‌ಗಳನ್ನೂ ಇಳಿಸಿಟ್ಟುಕೊಂಡು ಪೆನ್‌ಡ್ರೈವ್‌ನಲ್ಲಿ ತರಬಹುದು. ಕರೆಂಟ್ ಹೋದರೆ? ಹೋದಾಗ ಹೊರಗೆ ಅಂಗಳಕ್ಕೆ ಹೋಗೋಣ. ಶಾಲೆಯ ಗೇಟಿನಲ್ಲಿ ಒಂದು ಮೀಟರ್ ಅಗಲದ ರಂಗೋಲಿ ಸೂರ್ಯ ಬರೆದರೆ ಭೂಮಿ ಒಂದು ಕಡಲೆಕಾಳು, ಅದನ್ನು 107 ಮೀಟರ್ ಆಚೆ ಇಡಬೇಕು. ಗುರು ಒಂದು ಮೂಸಂಬಿ, ಅರ್ಧ ಕಿಲೋಮೀಟರಿಗಿಂತ ಆಚೆ. ನೆಪ್ಚೂನ್ ಇಡುವವರು 3 ಕಿಲೋಮೀಟರ್‌ಗಿಂತ ಹೆಚ್ಚು ನಡೆಯಬೇಕು. ಆ ದೂರ ಪರದೆಗಿಂತ ಕಾಲಿಗೆ ಚೆನ್ನಾಗಿ ಗೊತ್ತಾಗುತ್ತೆ. ಇಂಗ್ಲಿಷ್ ಹೆಸರು ಕಷ್ಟ ಅನ್ನುವವರು ಒಂದು ಚೀಟಿ ಅಂಟಿಸಿಕೊಳ್ಳಿ: ಜುಪಿಟರ್ ಅಂದರೆ ನಮ್ಮ ಗುರುವಾರದ ಗುರು, ಸ್ಯಾಟರ್ನ್ ಅಂದರೆ ಶನಿವಾರದ ಶನಿ.

ಪಾಠ ಮುಗಿಯಲ್ಲ, ಪರೀಕ್ಷೆಗೆ ಇದು ಬರಲ್ಲ ಅನ್ನುವ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಗುರುಗಳ ಕಷ್ಟ ನಮಗೂ ಕಾಣುತ್ತೆ. ಎಲ್ಲಾ ಪಾಠಕ್ಕೂ ಕೇಳುತ್ತಿಲ್ಲ. ವಾರಕ್ಕೆ ಒಂದು ಪೀರಿಯಡ್, ಇಬ್ಬಿಬ್ಬರು ಸರದಿಯಲ್ಲಿ ಮೌಸ್ ಹಿಡಿಯುವ ಹಾಗೆ. ಆ ಸರದಿಯಲ್ಲಿ ಹುಡುಗಿಯರ ಹೆಸರೂ ಹಿಂದಿನ ಬೆಂಚಿನವರ ಹೆಸರೂ ತಪ್ಪದೆ ಇರಲಿ. ಚೆನ್ನಾಗಿ ಓದುವ ನಾಲ್ಕು ಜನರ ಕೈಗೇ ಮೌಸ್ ಹೋದರೆ ಆ ಕವಣೆಯ ಮಾತು ನಮಗೆ ಸಿಗುತ್ತಿರಲಿಲ್ಲ.

ಶುರು ಮಾಡಲು ಒಂದು ಸಲಹೆ ಇದೆ. ಆಗಸ್ಟ್ 15ಕ್ಕೆ ನಾವೆಲ್ಲ ಧ್ವಜಸ್ತಂಭದ ಮುಂದೆ ನಿಲ್ಲುತ್ತೇವೆ. ಸ್ಟೆಲೇರಿಯಂನಲ್ಲಿ ನಮ್ಮೂರು, ಆಗಸ್ಟ್ 15 ಅಂತ ಹಾಕಿದರೆ ಸೂರ್ಯ ಹೆಚ್ಚೂಕಡಿಮೆ ನೆತ್ತಿಯ ಮೇಲೇ ಬರುತ್ತಾನೆ. ನಮ್ಮ ಕಡೆ ವರ್ಷಕ್ಕೆ ಎರಡು ಸಲ ಹೀಗಾಗುತ್ತೆ. ಏಪ್ರಿಲ್ ಕೊನೆಯ ವಾರದಲ್ಲಿ ರಜೆ ಇರುತ್ತೆ, ಆಗಸ್ಟ್ ಮಧ್ಯದ ಸಲ ನಾವು ಶಾಲೆಯಲ್ಲೇ ಇರುತ್ತೇವೆ. ಆದರೆ ಅದು ಗಡಿಯಾರದ 12 ಗಂಟೆಗೆ ಅಲ್ಲ, ಹನ್ನೆರಡೂವರೆಗೆ. ಯಾಕಂದರೆ ನಮ್ಮ ಗಡಿಯಾರ ಇರೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ. ನಾವು ಅದಕ್ಕಿಂತ ಸುಮಾರು 7 ಡಿಗ್ರಿ ಪಶ್ಚಿಮಕ್ಕಿದ್ದೇವೆ. ಡಿಗ್ರಿಗೆ 4 ನಿಮಿಷದಂತೆ ಅರ್ಧ ಗಂಟೆ ತಡ. ಸಿಹಿ ಹಂಚಿದ ಮೇಲೆ ಸ್ವಲ್ಪ ಹೊತ್ತು ಮನೆಗೆ ಓಡದೆ ನಿಂತರೆ ಧ್ವಜಸ್ತಂಭದ ನೆರಳು ಬುಡದಲ್ಲೇ ಮುದುಡಿಕೊಳ್ಳುವುದನ್ನು ನೋಡಬಹುದು. ಮೋಡ ಇದ್ದರೆ? ಆಗಸ್ಟ್ ಅಲ್ವಾ, ಇದ್ದೇ ಇರುತ್ತೆ. ಅದಕ್ಕೆ 12ನೇ ತಾರೀಖಿನಿಂದ 17ರವರೆಗೆ ದಿನಾ ಒಂದು ಮೀಟರ್ ಕೋಲು ನೆಟ್ಟು ನೆರಳು ಅಳೆಯೋಣ. ಯಾವುದಾದರೂ ಒಂದು ದಿನ ಬಿಸಿಲು ಬಂದೇ ಬರುತ್ತೆ.

ಹಿಂದಿನ ದಿನವೇ ನೆರಳು ಎಷ್ಟು ಅಂತ ಎಲ್ಲರೂ ಊಹೆ ಬರೆದು ಕೊಡಬೇಕು. ಈ ಪತ್ರಿಕೆಯ ಕೆಳಗೆ ಒಂದು ಚಾಕ್‌ಪೀಸ್ ಡಬ್ಬಿ ಕಟ್ಟಿದ್ದೇನೆ. ಸಿಮ್ಯುಲೇಟರ್‌ಗೆ ಕೇಳಬೇಕಾದ ಪ್ರಶ್ನೆಗಳನ್ನೂ ಅದರಲ್ಲೇ ಹಾಕಿ. ಈಗಾಗಲೇ ಎರಡು ಚೀಟಿ ಬಿದ್ದಿವೆ. ಒಂದು: "ಶುಕ್ರ ಸಂಜೆ, ಬೆಳಗಿನ ಜಾವ ಕಾಣ್ತಾನೆ, ನಡುರಾತ್ರಿ ಯಾಕೆ ಕಾಣಲ್ಲ?" ಇನ್ನೊಂದು ಐದನೇ ತರಗತಿಯ ಅಕ್ಷರದ ಹಾಗಿದೆ: "ಚಂದ್ರನ ಮೇಲೆ ನಿಂತ್ರೆ ಭೂಮಿ ಹುಟ್ಟಿ ಮುಳುಗುತ್ತಾ?"

— ಒಂಬತ್ತನೇ ತರಗತಿಯ ವಿದ್ಯಾರ್ಥಿನಿ