ಪಂತ್ ಆಡ್ಯಾನಲ್ಲ, ನಿನಗೇನಾಗೈತಲೇ? (ಭಾಗ 5)

ಈ ಮಾತು ಹೇಳಿದವನು ನನ್ನ ಜೀವದ ಗೆಳೆಯ. ಪ್ರೀತಿಯಿಂದಲೇ ಹೇಳಿದ್ದ. ಆದರೆ ಅದನ್ನು ಕೇಳಿ ನಾನು ಮಾಡಿದ್ದು ಮಾತ್ರ ದಡ್ಡತನ. ಅದಕ್ಕ ಇವತ್ತಿನ ಕ್ಯಾಪ್ಶನ್ ಉದ್ದ ಐತಿ, ಸೇವ್ ಮಾಡ್ಕೊಂಡು ಆರಾಮಾಗಿ ಓದ್ರಿ.

ಹೊಸಬರಿಗೆ ಹಿಂದಿನ ಕಥೆ: ನಮ್ಮೂರು ನೀರಮಾನ್ವಿ, ಕಾಲೇಜು ಮಾನ್ವಿಯಾಗ. ಪೊಲೀಸ್ ಕಾನ್‌ಸ್ಟೇಬಲ್ ಆಗ್ಬೇಕಂತ ದಿನಾ ನಸುಕಿನ್ಯಾಗ ಓಡ್ತಿದ್ದೆ. 1600 ಮೀಟರ್, 6 ನಿಮಿಷ 30 ಸೆಕೆಂಡ್. ಒಂದು ದಿನ ರಸ್ತೆ ಅಂಚಿನ ಕಲ್ಲಿನ ಮ್ಯಾಲೆ ಪಾದ ಹೊರಳಿತು. ಉಳುಕಿರಬೇಕು ಅಂದ್ಕೊಂಡೆ. ಎಕ್ಸ್‌ರೇ ನೋಡಿದರೆ ಪಾದದ ಹೊರಅಂಚಿನ ಉದ್ದ ಎಲುಬು, ಐದನೇ ಮೆಟಟಾರ್ಸಲ್, ಬುಡದ ಹತ್ತಿರ ಮುರಿದಿತ್ತು. ಇವತ್ತಿಗೆ 14 ವಾರ.

"ಇಷ್ಟು ಸಣ್ಣ ಎಲುಬಿಗೆ ಇಷ್ಟು ದಿನಾನಾ?" ಇದು ಎಲ್ಲರ ಪ್ರಶ್ನೆ. ಒಂದು ಪಾದದಾಗ 26 ಎಲುಬು ಇವೆ. ಅದರಾಗ ಈ ಜಾಗಕ್ಕೆ ರಕ್ತ ಬರೋದೇ ಕಮ್ಮಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಹೊಲ ಹೆಂಗೋ, ಇದೂ ಹಂಗ. ಮ್ಯಾಲಿನವರಿಗೆಲ್ಲ ನೀರು ಹರಿದ ಮ್ಯಾಲೆ ಉಳಿದರೆ ನಮಗೆ. ಬೆಳೆ ತಡ ಆದರೆ ಅದು ರೈತನ ಸೋಮಾರಿತನ ಅಂತೀವಾ? ಹಂಗಾದ್ರ ಎಲುಬು ತಡ ಆದರೆ ಯಾಕ ನಮ್ಮನ್ನ ಅಂತೀರಿ?

ಈ ಮುರಿತಕ್ಕೆ ಜೋನ್ಸ್ ಫ್ರ್ಯಾಕ್ಚರ್ ಅಂತಾರೆ. ರಾಬರ್ಟ್ ಜೋನ್ಸ್ ಅನ್ನೋ ಬ್ರಿಟನ್ನಿನ ಎಲುಬಿನ ಡಾಕ್ಟರು 1902ರಲ್ಲಿ ಇದರ ಬಗ್ಗೆ ಬರೆದರು. ಅವರಿಗೆ ಇದು ಗೊತ್ತಾಗಿದ್ದೇ ಡ್ಯಾನ್ಸ್ ಮಾಡುವಾಗ ತಮ್ಮದೇ ಪಾದ ಮುರಿದುಕೊಂಡಾಗ! ಇದನ್ನು ಓದಿದ ದಿನ ನಾನು ಮೊದಲ ಸಲ ನಕ್ಕೆ.

ಈಗ ಪಂತ್ ವಿಷಯ. 2025ರ ಜುಲೈ 23, ಮ್ಯಾಂಚೆಸ್ಟರ್ ಟೆಸ್ಟ್. ವೋಕ್ಸ್ ಹಾಕಿದ ಬಾಲ್ ಬಲಪಾದಕ್ಕೆ ಬಡಿದು ಎಲುಬು ಮುರಿಯಿತು. ಮರುದಿನ ಕುಂಟುತ್ತಲೇ ಬಂದು 54 ರನ್ ಮುಟ್ಟಿಸಿದರು. ಆ ರೀಲ್ ನಿಮ್ಮೆಲ್ಲರ ಫೀಡಿನಲ್ಲೂ ಬಂದಿತ್ತು. ಗೆಳೆಯ ನನಗೆ ಕಳಿಸಿದ್ದೂ ಅದನ್ನೇ. ಆಗ ನನಗೆ ಆರನೇ ವಾರ. ರೋಷ ಬಂತು. ಊರುಗೋಲು ಮನೆಯಾಗ ಬಿಟ್ಟು ಮೈದಾನದಾಗ ಎರಡು ಸುತ್ತು ನಡೆದೆ. ಸಂಜೆಗೆ ಪಾದ ಬಾತು ಚಪ್ಪಲಿಯೊಳಗೆ ಹೋಗಲಿಲ್ಲ. ಮುಂದಿನ ಎಕ್ಸ್‌ರೇದಾಗ ಬಿರುಕು ಹಂಗೇ ಇತ್ತು. "ಇದು ಮೊದಲೇ ತಡ ಆಗೋ ಎಲುಬು, ನೀನು ನಡೆದರೆ ಇನ್ನೂ ತಡ" ಅಂದ್ರು ಡಾಕ್ಟರು. ಮತ್ತೆ ಆರು ವಾರ ಕಾಲು ನೆಲಕ್ಕೆ ಊರುವಂಗಿಲ್ಲ. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ನೋವು ಕೊಟ್ಟಿತು.

ಆ ರೀಲ್ ಅಲ್ಲಿಗೆ ಮುಗಿಯಿತು, ಪಂತ್ ಕಥೆ ಮುಗಿಯಲಿಲ್ಲ. ಓವಲ್ ಟೆಸ್ಟ್ ಹೋಯ್ತು. ಏಷ್ಯಾ ಕಪ್ ಹೋಯ್ತು. ವೆಸ್ಟ್ ಇಂಡೀಸ್ ಸರಣಿಯೂ ಹೋಯ್ತು. ಮತ್ತೆ ಮ್ಯಾಚಿಗೆ ಇಳಿದಿದ್ದು ಅಕ್ಟೋಬರ್ 30ರಂದು, ನಮ್ಮ ಬೆಂಗಳೂರಿನಲ್ಲಿ, ಇಂಡಿಯಾ ಎ ಪರ. ಎಣಿಸಿ ನೋಡ್ರಿ, 99 ದಿನ! ಬಿಸಿಸಿಐ ಡಾಕ್ಟರು, ಫಿಸಿಯೋ ಎಲ್ಲ ಜೊತೆಗಿದ್ದೂ 99 ದಿನ. ನನಗೆ ಇವತ್ತು 98. ನೇಮಾರ್ ಕಥೆನೂ ಕೇಳ್ರಿ. 2018ರ ಫೆಬ್ರವರಿಯಲ್ಲಿ ಇದೇ ಐದನೇ ಮೆಟಟಾರ್ಸಲ್ ಮುರಿದು ಆಪರೇಷನ್ ಆಯ್ತು. 2019ರ ಜನವರಿಯಲ್ಲಿ ಅದೇ ಎಲುಬಿಗೆ ಮತ್ತೆ ಪೆಟ್ಟು.

ಪಂತ್ ಧೈರ್ಯ ಸಣ್ಣದು ಅಂತ ನಾ ಹೇಳಂಗಿಲ್ಲ. ನಾನು ಹೇಳೋದು ಇಷ್ಟೇ: ಆ ಒಂದು ದಿನದ ಧೈರ್ಯವನ್ನು ನಾವು ಶೇರ್ ಮಾಡ್ತೀವಿ, ಆಮೇಲೆ ಸುಮ್ನೆ ಕೂತ 99 ದಿನದ ಧೈರ್ಯವನ್ನು ಯಾರೂ ಶೇರ್ ಮಾಡಂಗಿಲ್ಲ. ನನಗಂತೂ ಎರಡನೇದೇ ಕಷ್ಟ. ಓಡೋದು ನನಗೆ ಬರ್ತಿತ್ತು, ಕೂಡೋದು ಕಲಿಬೇಕಾಯ್ತು.

ಕಾಲು ಮುರಿದವರಿಗೆ ಎರಡು ಮಾತು. ಬೀಡಿ, ಸಿಗರೇಟು, ಗುಟ್ಕಾ ಬಿಡ್ರಿ. ನಿಕೋಟಿನ್ ರಕ್ತನಾಳ ಸಣ್ಣ ಮಾಡ್ತದ, ಮೊದಲೇ ನೀರು ಕಮ್ಮಿ ಇರೋ ಕಾಲುವೆಗೆ ಒಡ್ಡು ಹಾಕಿದಂಗ. ಇನ್ನೊಂದು, ಯಾರೋ ಹೇಳಿದ್ರಂತ ಮುರಿದ ಜಾಗ ತಿಕ್ಕಿಸಬ್ಯಾಡ್ರಿ. ಡಾಕ್ಟರಿಗೆ ಕೇಳದೆ ಕಾಲೂ ಊರಬ್ಯಾಡ್ರಿ.

ಗೆಳೆಯರಿಗೆ ಒಂದೇ ಮಾತು. "ಇನ್ನೂ ಆರಾಮ ಆಗಿಲ್ಲೇನು?" ಅಂತ ಕೇಳೋ ಬದಲು ನೋಟ್ಸ್ ಕಳಿಸ್ರಿ. ಬಸ್ಸಿನ ಮೆಟ್ಟಿಲು ಹತ್ತುವಾಗ ಬ್ಯಾಗ್ ಹಿಡೀರಿ. ಸಂಜೆ ಬಂದು ಕಟ್ಟೆ ಮ್ಯಾಲೆ ಅರ್ಧ ತಾಸು ಕೂಡ್ರಿ. ಆ ರೀಲ್ ಕಳಿಸಿದ ಗೆಳೆಯ ಈಗ ಅದನ್ನೇ ಮಾಡಕತ್ತಾನ. ಅವನ ಮ್ಯಾಲೆ ನನಗೆ ಸಿಟ್ಟಿಲ್ಲ.

ಈಗ ಪ್ಲಾಸ್ಟರ್ ಬಿಚ್ಚಿ ಬೂಟು ಹಾಕ್ಯಾರ. ಬಿರುಕು ಸಣ್ಣದಾಗೈತಿ, ಪೂರ್ತಿ ಕೂಡಿಲ್ಲ. ಮುಂದಿನ ಎಕ್ಸ್‌ರೇದಾಗೂ ಕೂಡದಿದ್ದರೆ ಸ್ಕ್ರೂ ಹಾಕಬೇಕಂತ. ಈ ಸಲದ ಫಿಸಿಕಲ್ ತಪ್ಪಿದರೂ ತಪ್ಪಬಹುದು. ತಪ್ಪಿದರೆ ಮುಂದಿನ ಸಲ ಓಡ್ತೀನಿ.

ನಿಮ್ಮೊಳಗ ಯಾರಾದ್ರೂ ಹಿಂಗ ತಿಂಗಳುಗಟ್ಟಲೆ ಕೂತಿದ್ರೆ ಕಮೆಂಟ್‌ನ್ಯಾಗ ಎಷ್ಟನೇ ದಿನ ಅಂತ ಬರೀರಿ. ನಂದು 98.

#ನೀರಮಾನ್ವಿ #ಮುರಿದಕಾಲಿನಡೈರಿ