ಅತಿಥಿಗೆ ಕಮಾನು, ಆತಿಥೇಯನಿಗೆ ಏನು?

ಕಲ್ಪತರು ನಾಡಿನಲ್ಲಿ ನೋಡತಕ್ಕದ್ದು ಏನಿಲ್ಲ? ತಿಪಟೂರು ತಾಲೂಕಿನ ಅರಳಗುಪ್ಪೆಯಲ್ಲಿ ನೊಳಂಬರ ಕಾಲದ ಕಲ್ಲೇಶ್ವರ ದೇಗುಲವಿದೆ. ತುರುವೇಕೆರೆ, ನಾಗಲಾಪುರಗಳಲ್ಲಿ ಹೊಯ್ಸಳ ಶಿಲ್ಪವಿದೆ. ಚಿಕ್ಕನಾಯಕನಹಳ್ಳಿ ತಾಲೂಕಿನಲ್ಲಿ ಬೋರನಕಣಿವೆ ಜಲಾಶಯವಿದೆ. ಆದರೆ 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಬೇಲೂರು, ಹಳೇಬೀಡಿಗೆ ಧಾವಿಸುವ ಪ್ರವಾಸಿಗೆ ತಿಪಟೂರು ದಾರಿಯಲ್ಲಿ ಸಿಗುವ ಒಂದು ಊರು ಮಾತ್ರ.

ಇದಕ್ಕೆ ಯೋಜನೆಗಳ ಕೊರತೆ ಕಾರಣವಲ್ಲ. 2015, 2020, 2024 ಹೀಗೆ ನೀತಿಯ ಮೇಲೆ ನೀತಿ ಬಂದಿದೆ. 2008ರಲ್ಲಿ ಆರಂಭವಾದ ಐಷಾರಾಮಿ ರೈಲು ‘ಸುವರ್ಣ ರಥ’ ನಷ್ಟದಲ್ಲಿ ಓಡಿ, ಕೊನೆಗೆ ನಿಂತು, ಐಆರ್‌ಸಿಟಿಸಿಯ ಕೈ ಸೇರಬೇಕಾಯಿತು. ಸಿರಿವಂತ ಅತಿಥಿಗಾಗಿ ರೈಲನ್ನೇ ಸಜ್ಜುಗೊಳಿಸುವ ಸರಕಾರಕ್ಕೆ ಹಳ್ಳಿಯ ಸ್ಮಾರಕದ ಬಳಿ ಶುಚಿಯಾದ ಶೌಚಾಲಯ, ಹೊತ್ತಿಗೆ ಸರಿಯಾದ ಬಸ್ಸು, ತಿಳಿದು ವಿವರಿಸಬಲ್ಲ ಒಬ್ಬ ಸ್ಥಳೀಯ ಯುವಕ ಏಕೆ ಮುಖ್ಯವೆನಿಸುವುದಿಲ್ಲ? ಉದ್ಘಾಟನೆಗೆ ಕಮಾನು ಬೇಕು, ನಿರ್ವಹಣೆಗೆ ಫಲಕ ಹಾಕಲಾಗದು. ರೋಗದ ಮೂಲ ಇಲ್ಲಿದೆ.

ತಿಪಟೂರಿನ ಕೊಬ್ಬರಿ ಮಾರುಕಟ್ಟೆಯನ್ನು ನೋಡಿರಿ. ಬೆಳೆಗಾರ, ಕಾಯಿ ಸುಲಿಯುವವ, ಹಮಾಲಿ, ವರ್ತಕ, ಲಾರಿ ಚಾಲಕ ಎಲ್ಲರ ಅನ್ನವೂ ಅಲ್ಲಿದೆ. ಆದ್ದರಿಂದಲೇ ಅದು ಬದುಕಿದೆ. ಊರಿನವರ ಅನ್ನವಾಗದ ಪ್ರವಾಸೋದ್ಯಮ ಗುತ್ತಿಗೆದಾರನ ಕೊನೆಯ ಬಿಲ್ಲಿನೊಂದಿಗೆ ಮುಗಿಯುತ್ತದೆ.

ಇನ್ನು 2022ರಲ್ಲಿ ಕರಾವಳಿಯಿಂದ ಹಬ್ಬಿದ ಬಹಿಷ್ಕಾರವನ್ನು ನೆನೆಯೋಣ. ಜಾತ್ರೆಗಳಲ್ಲಿ ಮುಸ್ಲಿಮ್ ವ್ಯಾಪಾರಿಗಳಿಗೆ ಅಂಗಡಿ ನಿರಾಕರಿಸಲಾಯಿತು. ಪ್ರವಾಸಿಯನ್ನು ಕೈಬೀಸಿ ಕರೆಯುವ ನಾಡು, ಅವನಿಗೆ ಬಳೆ, ಹಣ್ಣು, ಆಟಿಕೆ ಮಾರುವ ನೆರೆಯವನನ್ನೇ ಹೊರಗಟ್ಟಿದರೆ ಅದು ಎಂಥ ಅಭಿವೃದ್ಧಿ?

ಭೂಮಿಯಲ್ಲಿ ಸಂಚರಿಸಿ ಗತಿಸಿದ ಜನಾಂಗಗಳಿಂದ ಪಾಠ ಕಲಿಯುವಂತೆ ಪವಿತ್ರ ಕುರ್‌ಆನ್ ಕರೆ ನೀಡುತ್ತದೆ. ಸಾರ್ವಜನಿಕ ವ್ಯವಹಾರಗಳನ್ನು ಸಮಾಲೋಚನೆಯಿಂದ ನಡೆಸಬೇಕೆಂಬುದೂ ಅದರ ಬೋಧನೆಯೇ. ಸಾರ್ವಜನಿಕ ಹಣವು ಅಮಾನತ್ ಆಗಿದೆ, ಅದರ ಪೈಸೆ ಪೈಸೆಗೂ ಲೆಕ್ಕ ಕೊಡಬೇಕಾಗಿದೆ.

ಸರಕಾರವನ್ನು ಪ್ರಶ್ನಿಸುವ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ಇದೇ ಜಿಲ್ಲೆಯ ಶಿರಾದಲ್ಲಿ 1651ರ ಮಲಿಕ್ ರೈಹಾನ್ ಸಮಾಧಿ ಇದೆ, 1696ರ ಜುಮಾ ಮಸೀದಿ ಇದೆ. ಅವುಗಳ ಇತಿಹಾಸವನ್ನು ನಮ್ಮ ಎಷ್ಟು ಮಕ್ಕಳು ಬಲ್ಲರು? ಅರಳಗುಪ್ಪೆಯ ಶಿಲ್ಪವೂ ನಮ್ಮ ನಾಡಿನ ಸ್ವತ್ತೆಂದು ಎಷ್ಟು ಮಂದಿ ಭಾವಿಸಿದ್ದೇವೆ?

ಇನ್ನಾದರೂ ಶಂಕುಸ್ಥಾಪನೆಗೆ ಮುನ್ನ ಗ್ರಾಮಸಭೆ ನಡೆಯಲಿ. ಕಟ್ಟಡದ ಹಣದೊಂದಿಗೆ ಅದರ ನಿರ್ವಹಣೆಯ ಹಣವೂ ಮಂಜೂರಾಗಲಿ. ಆ ಸಭೆಗೆ ನಮ್ಮ ಜಮಾಅತ್‌ಗಳ ಹಿರಿಯರೂ ಯುವಕರೂ ತಪ್ಪದೆ ಹೋಗಲಿ. ಕೇಳದವನ ಊರಿಗೆ ಕಮಾನು ಮಾತ್ರ ಬರುತ್ತದೆ.