ಪ್ರಶಸ್ತಿ ಕೊಡಿ, ಐದು ವರ್ಷ ಬಿಟ್ಟು

ನಗರಗಳ ಸ್ವಚ್ಛತೆ ಅಳೆಯುವ ಕೇಂದ್ರದ 2021ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಬೆಂಗಳೂರಿಗೆ ‘ಅತಿ ವೇಗವಾಗಿ ಸುಧಾರಿಸುತ್ತಿರುವ ಮಹಾನಗರ’ ಎಂಬ ಪ್ರಶಸ್ತಿ ಬಂತು. ಮರುವರ್ಷ ಅದೇ ಸರ್ವೇಕ್ಷಣೆಯಲ್ಲಿ ಹತ್ತು ಲಕ್ಷಕ್ಕೂ ಹೆಚ್ಚು ಜನರಿರುವ 45 ನಗರಗಳ ಪೈಕಿ ನಮ್ಮದು 43ನೇ ಸ್ಥಾನ. ಅದಕ್ಕೂ ಹಿಂದೆ, 2020ರಲ್ಲಿ, 47 ನಗರಗಳಲ್ಲಿ 37ನೆಯದಾಗಿದ್ದ ಊರಿಗೆ ‘ಸ್ವಾವಲಂಬಿ ಮಹಾನಗರ’ ಎಂಬ ಬಿರುದು ಸಿಕ್ಕಿತ್ತು. ನಾಗರಿಕರ ಅಭಿಪ್ರಾಯಕ್ಕೂ ಅಲ್ಲಿ ಅಂಕ ಇರುತ್ತದೆ, ನಿಜ. ಆದರೂ ಬೆಳಿಗ್ಗೆ ಕಸದ ಆಟೊಗೆ ಕಾಯುವ ಬಸವೇಶ್ವರನಗರದವರಿಗೆ ಈ ಏರಿಳಿತದಲ್ಲಿ ಯಾವುದು ತಮ್ಮ ಬೀದಿಯದು, ಯಾವುದು ಕಡತದ್ದು ಎಂದು ತಿಳಿಯುವ ದಾರಿ ಇರಲಿಲ್ಲ.

ಸಾರ್ವಜನಿಕ ಹಣದಲ್ಲಿ ಆದ ಕೆಲಸಕ್ಕೆ ಪ್ರಶಸ್ತಿ ಕೊಡುವುದು ತಪ್ಪೇನಲ್ಲ. ಯುರೋಪಿಯನ್ ಒಕ್ಕೂಟ 2008ರಿಂದ ‘ರೆಜಿಯೊಸ್ಟಾರ್ಸ್’ ಹೆಸರಿನಲ್ಲಿ ಇದನ್ನೇ ಮಾಡುತ್ತಿದೆ. ಹಿಂದುಳಿದ ಪ್ರದೇಶಗಳನ್ನು ಮೇಲೆತ್ತಲು ಒಕ್ಕೂಟ 2021–27ರ ಅವಧಿಗೆ ತೆಗೆದಿಟ್ಟಿರುವುದು ಸುಮಾರು 39,200 ಕೋಟಿ ಯೂರೊ. ಅದರ ಬಜೆಟ್ಟಿನ ಹತ್ತಿರ ಹತ್ತಿರ ಮೂರನೇ ಒಂದು ಭಾಗ. ಈ ಹಣದ ನೆರವು ಪಡೆದ ಯೋಜನೆಗಳು ಅರ್ಜಿ ಹಾಕುತ್ತವೆ, ಸ್ವತಂತ್ರ ತೀರ್ಪುಗಾರರು ವಿಭಾಗವಾರು ಆರಿಸುತ್ತಾರೆ, ಜನರ ಮತದಿಂದ ಆಯ್ಕೆಯಾಗುವ ಇನ್ನೊಂದು ಪ್ರಶಸ್ತಿಯೂ ಇದೆ. ಈ ಪದ್ಧತಿಯ ಊನ ಏನೆಂದು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅರ್ಜಿ ಹಾಕಿದವರೇ ತಮ್ಮ ಗುಣಗಾನ ಬರೆದುಕೊಳ್ಳುತ್ತಾರೆ; ಮತ ಹಾಕಿಸುವ ತಾಕತ್ತಿದ್ದವರು ಗೆಲ್ಲುತ್ತಾರೆ. ಅಕ್ಟೋಬರ್ ಬಂತೆಂದರೆ ರಾಜ್ಯೋತ್ಸವ ಪ್ರಶಸ್ತಿಗೆ ನಡೆಯುವ ಓಡಾಟ ನೋಡಿದವರಿಗೆ ಇದೇನು ಹೊಸದಲ್ಲ.

ನಮಗೆ ಬೇಕಾದದ್ದು ರೆಜಿಯೊಸ್ಟಾರ್ಸ್ ಪ್ರಶಸ್ತಿಯ ಕೆಳಗಿರುವ ಲೆಕ್ಕದ ಪುಸ್ತಕ. ಹಣ ಪಡೆದ ಪ್ರತಿ ಕಾಮಗಾರಿಯ ಹೆಸರು, ಪಡೆದವರು ಯಾರು, ಮೊತ್ತ ಎಷ್ಟು, ಉದ್ದೇಶವೇನು ಎಂಬ ಪಟ್ಟಿಯನ್ನು ಒಕ್ಕೂಟದ ಸದಸ್ಯ ದೇಶಗಳು ಪ್ರಕಟಿಸಿ, ಕನಿಷ್ಠ ನಾಲ್ಕು ತಿಂಗಳಿಗೊಮ್ಮೆ ಪರಿಷ್ಕರಿಸಬೇಕು. 2022ರಲ್ಲಿ ಶುರುವಾದ ‘ಕೊಹೇಸಿಯೊ’ ಎಂಬ ಜಾಲತಾಣದಲ್ಲಿ ಇಂಥ ಹತ್ತು ಲಕ್ಷಕ್ಕೂ ಹೆಚ್ಚು ಯೋಜನೆಗಳನ್ನು ನಕ್ಷೆಯ ಮೇಲೆ ಹುಡುಕಬಹುದು. ಪ್ರಾದೇಶಿಕ ಅಭಿವೃದ್ಧಿ ನಿಧಿಯ ಕಾಮಗಾರಿ 5 ಲಕ್ಷ ಯೂರೊ ದಾಟಿದರೆ ಸ್ಥಳದಲ್ಲಿ ಶಾಶ್ವತ ಫಲಕ ಕಡ್ಡಾಯ. ಎಲ್ಲಕ್ಕಿಂತ ಮುಖ್ಯವಾದ ನಿಯಮ ಇನ್ನೊಂದಿದೆ: ಕೊನೆಯ ಕಂತು ಪಾವತಿಯಾದ ಐದು ವರ್ಷದೊಳಗೆ ಕಟ್ಟಿದ್ದರ ಮೂಲ ಉದ್ದೇಶವೇ ಕೆಡುವಂತೆ ಬದಲಾವಣೆ ಮಾಡಿದರೆ ನೆರವಿನ ಹಣ ವಾಪಸು ಕಟ್ಟಬೇಕು. ಹಾಗೆಂದು ಅಲ್ಲಿ ಎಲ್ಲವೂ ಚೊಕ್ಕವಾಗಿಲ್ಲ. ಒಕ್ಕೂಟದ ಲೆಕ್ಕ ಪರಿಶೋಧನಾ ಸಂಸ್ಥೆಯೇ 2019ರ ಲೆಕ್ಕದಿಂದೀಚೆಗೆ ವೆಚ್ಚದ ಬಗ್ಗೆ ಪ್ರತಿಕೂಲ ಅಭಿಪ್ರಾಯ ಕೊಡುತ್ತಾ ಬಂದಿದೆ. ಆದರೆ ತಪ್ಪು ಹುಡುಕಲು ಅಲ್ಲಿ ಪಟ್ಟಿಯಾದರೂ ಇದೆ.

ನಮ್ಮಲ್ಲಿ ಇರುವುದು ಅಡಿಗಲ್ಲು. ಪಶ್ಚಿಮ ಬೆಂಗಳೂರಿನ ಯಾವ ಪಾರ್ಕಿನ ಬಾಗಿಲಿಗಾದರೂ ಹೋಗಿ ನಿಲ್ಲಿ. ಕರಿ ಗ್ರಾನೈಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ: ಮುಖ್ಯಮಂತ್ರಿ, ಸಚಿವರು, ಶಾಸಕರು, ಪಾಲಿಕೆ ಸದಸ್ಯರು, ‘ಘನ ಉಪಸ್ಥಿತಿ’ ವಹಿಸಿದವರು, ಗುದ್ದಲಿ ಪೂಜೆಯ ದಿನ. ಎಷ್ಟು ಖರ್ಚಾಯಿತು, ಗುತ್ತಿಗೆದಾರ ಎಷ್ಟು ವರ್ಷ ದುರಸ್ತಿಯ ಹೊಣೆ ಹೊತ್ತಿದ್ದಾನೆ, ಕೆಟ್ಟರೆ ಯಾರನ್ನು ಕೇಳಬೇಕು ಎಂಬ ಸಾಲುಗಳಿಗೆ ಕಲ್ಲಿನಲ್ಲಿ ಜಾಗ ಉಳಿದಿರುವುದು ಅಪರೂಪ.

ಕೆಂಗೇರಿಯನ್ನೇ ತೆಗೆದುಕೊಳ್ಳಿ. 2005ರ ಡಿಸೆಂಬರಿನಲ್ಲಿ ಆರಂಭವಾದ ಕೇಂದ್ರದ ನಗರ ನವೀಕರಣ ಯೋಜನೆ ಜೆ–ನರ್ಮ್‌ನ ನೆರವಿನಿಂದ ಬಿಎಂಟಿಸಿ ನಗರದಲ್ಲಿ ಹತ್ತು ಸಂಚಾರ ಮತ್ತು ಸಾರಿಗೆ ನಿರ್ವಹಣಾ ಕೇಂದ್ರಗಳನ್ನು (ಟಿಟಿಎಂಸಿ) ಕಟ್ಟಿತು. ವಿಜಯನಗರ, ಕೆಂಗೇರಿ ಅವುಗಳಲ್ಲಿ ಎರಡು. ಸ್ವಂತ ಗಾಡಿ ನಿಲ್ಲಿಸಿ ಜನ ಬಸ್ಸು ಹತ್ತಬೇಕು, ಮಹಡಿಗಳ ಬಾಡಿಗೆಯಿಂದ ನಿಗಮಕ್ಕೆ ಆದಾಯ ಬರಬೇಕು ಎಂಬುದು ಲೆಕ್ಕಾಚಾರ. 2021ರ ಆಗಸ್ಟಿನಲ್ಲಿ ಮೈಸೂರು ರಸ್ತೆಯಿಂದ ಏಳೂವರೆ ಕಿಲೊಮೀಟರ್ ಮುಂದುವರಿದು ಮೆಟ್ರೊ ಬಂತು. ಒಂದು ನಿಲ್ದಾಣಕ್ಕೆ ‘ಕೆಂಗೇರಿ ಬಸ್ ಟರ್ಮಿನಲ್’ ಎಂದೇ ಹೆಸರಿಟ್ಟರು. ಇದೇ ಕೆಂಗೇರಿಯಲ್ಲಿ ರೈಲು ನಿಲ್ದಾಣವೂ ಇದೆ. ಬಸ್ಸು ಒಬ್ಬರದು, ಮೆಟ್ರೊ ಇನ್ನೊಬ್ಬರದು, ರೈಲು ಕೇಂದ್ರದ್ದು. ಮೂವರೂ ಬೇರೆ ಬೇರೆ ಪ್ರಶಸ್ತಿಗೆ ಅರ್ಜಿ ಹಾಕಿ ಗೆಲ್ಲಬಹುದು. ಮಳೆಯಲ್ಲಿ ಮಗುವನ್ನು ಎತ್ತಿಕೊಂಡು ಒಂದರಿಂದ ಇನ್ನೊಂದಕ್ಕೆ ಹೋಗುವವರ ಪಾಡು ಮಾತ್ರ ಯಾರ ಅರ್ಜಿಯಲ್ಲೂ ಬರುವುದಿಲ್ಲ. ಆ ನಡುವಿನ ದಾರಿ ಯಾವ ಯೋಜನೆಗೂ ಸೇರಿದ್ದಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಮೆಟ್ರೊದ ಕಿಟಕಿಯಲ್ಲೇ ಕಾಣುತ್ತದೆ. ನೇರಳೆ ಮಾರ್ಗದಲ್ಲಿ ನಾಯಂಡಹಳ್ಳಿಯ ಆಸುಪಾಸಿನಲ್ಲಿ ಕೆಳಗೆ ನೋಡಿದರೆ ವೃಷಭಾವತಿ. ಮಲ್ಲೇಶ್ವರ, ಬಸವನಗುಡಿಯ ದಿನ್ನೆಗಳಲ್ಲಿ ಹುಟ್ಟಿ, ರಾಜಾಜಿನಗರ, ವಿಜಯನಗರದ ಕಡೆಯ ರಾಜಕಾಲುವೆಗಳ ನೀರನ್ನೆಲ್ಲ ಕೂಡಿಸಿಕೊಂಡು ಮೈಸೂರು ರಸ್ತೆಯ ಪಕ್ಕ ಹರಿಯುವ ನದಿ. ದಡದಲ್ಲೇ ಜಲಮಂಡಳಿಯ ಕೊಳಚೆ ನೀರು ಶುದ್ಧೀಕರಣ ಘಟಕ ಇದೆ; ವರ್ಷಗಳಿಂದ ಅದರ ಸಾಮರ್ಥ್ಯ ಹೆಚ್ಚಿಸುತ್ತಲೂ ಬಂದಿದ್ದಾರೆ. ತಡೆಗೋಡೆ, ಹೂಳೆತ್ತುವಿಕೆ, ಸೌಂದರ್ಯೀಕರಣ ಎಂದು ಬೇರೆ ಬೇರೆ ಲೆಕ್ಕಶೀರ್ಷಿಕೆಯಲ್ಲಿ ಹಣ ಹರಿದಿದೆ. ಬಿಡಿಬಿಡಿಯಾಗಿ ನೋಡಿದರೆ ಪ್ರತಿ ಕಾಮಗಾರಿಯೂ ಮುಗಿದಿರಬಹುದು, ಬಿಲ್ಲೂ ಪಾವತಿಯಾಗಿರಬಹುದು. ನದಿ ಮಾತ್ರ ಪಕ್ಕದ ಜಿಲ್ಲೆಯ ಬಿಡದಿ ಹೋಬಳಿಯ ಬೈರಮಂಗಲ ಕೆರೆಗೆ ನೊರೆ ಹೊತ್ತುಕೊಂಡು ಹೋಗುತ್ತಿದೆ. ಯೋಜನೆಗಳನ್ನು ಒಂದೊಂದಾಗಿ ಅಳೆಯುವ ಯಾವ ಪ್ರಶಸ್ತಿಗೂ ಈ ಸೋಲು ಕಾಣಿಸುವುದಿಲ್ಲ.

ಯುರೋಪಿನಲ್ಲಿ ಗಡಿಯಾಚೆಯ ಸಹಕಾರಕ್ಕೆಂದೇ ‘ಇಂಟರ್‌ರೆಗ್’ ಎಂಬ ನಿಧಿ ಇದೆ. ಒಂದು ದೇಶದ ಹೊಳೆ ಇನ್ನೊಂದು ದೇಶಕ್ಕೆ ಹೋಗುವಾಗ ಇಬ್ಬರೂ ಸೇರಿಯೇ ಅದರಡಿ ಯೋಜನೆ ರೂಪಿಸಬೇಕು. ನಮ್ಮ ಕೊಳಚೆ ಜಿಲ್ಲೆಯ ಗಡಿ ದಾಟುವುದಕ್ಕೆ ಯಾರ ಸಹಿಯೂ ಬೇಕಿಲ್ಲ. ಅಂದಹಾಗೆ, ಯುರೋಪಿಯನ್ ಹೂಡಿಕೆ ಬ್ಯಾಂಕ್ ನಮ್ಮ ಮೆಟ್ರೊದ ಗೊಟ್ಟಿಗೆರೆ–ನಾಗವಾರ ಮಾರ್ಗಕ್ಕೆ 50 ಕೋಟಿ ಯೂರೊ ಸಾಲ ಒಪ್ಪಿಕೊಂಡಿತು; ತಾನು ಸಾಲ ಕೊಡುವ ಯೋಜನೆಗಳ ಪರಿಸರ ದಾಖಲೆಗಳನ್ನು ಆ ಬ್ಯಾಂಕ್ ಸಾರ್ವಜನಿಕವಾಗಿ ಇಡುತ್ತದೆ. ಸಾಲ ಕೊಟ್ಟ ದೂರದ ಬ್ಯಾಂಕಿನಿಂದ ಸಿಗುವಷ್ಟು ಮಾಹಿತಿ ನಮ್ಮದೇ ತೆರಿಗೆಯಿಂದ ಕಟ್ಟಿದ ಚರಂಡಿಯ ಬಗ್ಗೆ ಆರ್‌ಟಿಐ ಅರ್ಜಿ ಇಲ್ಲದೆ ಸಿಗುವುದಿಲ್ಲವೆಂದರೆ ಏನು ಹೇಳುವುದು?

ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ (ಬಿಬಿಎಂಪಿ) ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅವಧಿ ಮುಗಿದ ಮೇಲೆ ಬಿಬಿಎಂಪಿ ಇರುವವರೆಗೂ ಅಲ್ಲಿ ಚುನಾಯಿತ ಸದಸ್ಯರೇ ಇರಲಿಲ್ಲ. ಅಂದರೆ ಮೇಲೆ ಹೇಳಿದ 2021ರ ಪ್ರಶಸ್ತಿಯೂ, 43ನೇ ಸ್ಥಾನವೂ ಬಂದದ್ದು ಪಾಲಿಕೆಯಲ್ಲಿ ಚುನಾಯಿತ ಸದಸ್ಯರಿಲ್ಲದ ಕಾಲದಲ್ಲಿ. 2025ರ ಸೆಪ್ಟೆಂಬರಿನಲ್ಲಿ ಅದರ ಜಾಗದಲ್ಲಿ ಐದು ಪಾಲಿಕೆಗಳಾದಾಗ ಪಶ್ಚಿಮ ಬೆಂಗಳೂರಿಗೆ ತನ್ನದೇ ಪಾಲಿಕೆ ಬಂತು. ಹಳೆಯ ಬಿಬಿಎಂಪಿಯ ಕಡತಗಳ ರಾಶಿಯಲ್ಲಿ ಹುಡುಕಾಡುವ ಬದಲು, ತಾನು ಕೈಹಾಕುವ ಪ್ರತಿ ಕಾಮಗಾರಿಯನ್ನೂ ಮೊದಲ ದಿನದಿಂದ ವಾರ್ಡುವಾರು ಪಟ್ಟಿ ಮಾಡಿ ಕನ್ನಡದಲ್ಲಿ ಪ್ರಕಟಿಸುವುದು ಹೊಸ ಪಾಲಿಕೆಗೆ ಕಷ್ಟದ ಕೆಲಸವಲ್ಲ.

ಆಮೇಲೆ ಬೇಕಾದರೆ ಪ್ರಶಸ್ತಿಯನ್ನೂ ಕೊಡಲಿ, ಶಾಲು ಪೇಟವನ್ನೂ ತರಿಸಲಿ. ಅದು ಉದ್ಘಾಟನೆಯಾಗಿ ಐದು ವರ್ಷ ತುಂಬಿದ ಕಾಮಗಾರಿಗೆ ಮಾತ್ರ ಸಲ್ಲಬೇಕು. ಇದೇನು ಹುಚ್ಚು ಕಲ್ಪನೆಯಲ್ಲ: ಕೇಂದ್ರವೇ 2024–25ರ ಸರ್ವೇಕ್ಷಣೆಯಲ್ಲಿ ಹಿಂದಿನ ವರ್ಷಗಳಲ್ಲೂ ಮುಂಚೂಣಿಯಲ್ಲಿದ್ದ ನಗರಗಳಿಗೆ ‘ಸೂಪರ್ ಸ್ವಚ್ಛ ಲೀಗ್’ ಎಂಬ ಪ್ರತ್ಯೇಕ ಸಾಲು ಮಾಡಿತು. ಮೈಸೂರು ಆ ಸಾಲಿನಲ್ಲಿ ಜಾಗ ಪಡೆಯಿತು. ಬೆಂಗಳೂರು ಹತ್ತು ಲಕ್ಷ ದಾಟಿದ 40 ನಗರಗಳಲ್ಲಿ 36ನೆಯದಾಗಿ ಉಳಿಯಿತು.

ತೀರ್ಪುಗಾರರ ವಿಷಯದಲ್ಲಿ ಇನ್ನಷ್ಟು ನಿಷ್ಠುರ ಆಗಬೇಕು. ಕೆಂಗೇರಿ ನಿಲ್ದಾಣಗಳಿಗೆ ಅಂಕ ಹಾಕುವವರು ಅಲ್ಲಿ ದಿನಾ ಬಸ್ಸು ಬದಲಿಸುವ ಕಾರ್ಮಿಕರಾಗಿರಲಿ. ವೃಷಭಾವತಿಯ ಕಾಮಗಾರಿಗಳಿಗೆ ತೀರ್ಪು ಕೊಡುವವರು ಬೈರಮಂಗಲದ ಅಚ್ಚುಕಟ್ಟಿನ ರೈತರಾಗಿರಲಿ. ವರ್ಷಗಟ್ಟಲೆ ಯಾರಿಗೂ ಪ್ರಶಸ್ತಿ ಕೊಡಲು ಅವರು ಒಪ್ಪದಿದ್ದರೂ ತೊಂದರೆಯಿಲ್ಲ. ಕೊಡಲಿಲ್ಲ ಏಕೆಂದು ಬರೆದದ್ದನ್ನು ಪಾಲಿಕೆ ಅದೇ ಪಟ್ಟಿಯಲ್ಲಿ, ಅದೇ ಕಾಮಗಾರಿಯ ಹೆಸರಿನ ಮುಂದೆ ಪ್ರಕಟಿಸಲಿ.